ಕೊಟ್ಟಿಗೆಯ ವಾಸನೆಗೆ 92 ಅಂಕ

ಪಿರಿಯಾಪಟ್ಟಣದ ಕಡೆಯ ನನ್ನ ಗೆಳೆಯನೊಬ್ಬ ಬೆಂಗಳೂರು ಸೇರಿ ಮೂವತ್ತು ವರ್ಷವಾಯಿತು. ಊರು ಬಿಟ್ಟದ್ದೇಕೆ ಎಂದರೆ ಅವನ ಉತ್ತರ ಒಂದೇ: ಕೊಟ್ಟಿಗೆಯ ವಾಸನೆ ತಡೆಯಲಾಗಲಿಲ್ಲ. ಗಂಜಲ, ಸಗಣಿ, ಒದ್ದೆ ಹುಲ್ಲು, ಅಟ್ಟದ ಮೇಲೆ ಒಟ್ಟಿದ ಹೊಗೆಸೊಪ್ಪು, ಎಲ್ಲವೂ ಸೇರಿ ಅಂಗಿಗೆ ಅಂಟಿಕೊಂಡು ಮೈಸೂರಿನ ಕಾಲೇಜಿನವರೆಗೂ ಬರುತ್ತಿತ್ತಂತೆ. ಆ ವಾಸನೆಯಿಂದ ತಪ್ಪಿಸಿಕೊಳ್ಳಲೆಂದೇ ಎಂಜಿನಿಯರಿಂಗ್ ಓದಿದ, ಅಮೆರಿಕಕ್ಕೆ ಹೋದ, ವಾಪಸು ಬಂದ, ಹದಿನಾಲ್ಕನೆಯ ಮಹಡಿಯಲ್ಲಿ ಮನೆ ಕೊಂಡ. ಸಗಣಿಗೂ ಅವನಿಗೂ ನಡುವೆ ಈಗ ಹದಿನಾಲ್ಕು ಮಹಡಿ, ಎರಡು ಲಿಫ್ಟು, ಮೂವರು ಸೆಕ್ಯುರಿಟಿಯವರು.

ಮೊನ್ನೆ ಒಂದು ಶನಿವಾರ ಸಂಜೆ ಅವನು ನನ್ನನ್ನು ದೊಡ್ಡ ಹೋಟೆಲೊಂದರ ಸಿಗಾರ್ ಕೋಣೆಗೆ ಕರೆದುಕೊಂಡು ಹೋದ. "ಬಾರಯ್ಯ, ಒಂಚೂರು ರಿಲ್ಯಾಕ್ಸ್ ಆಗೋಣ" ಎಂದ. ಚರ್ಮದ ಸೋಫಾದಲ್ಲಿ ಮುಳುಗಿ, ಗೇಣುದ್ದದ ಸಿಗಾರಿನ ಹೊಗೆಯನ್ನು ಬಾಯಿ ತುಂಬ ತುಂಬಿಕೊಂಡ. ಅದರಲ್ಲಿ ಒಂದು ಪಾಲನ್ನು ಮೂಗಿನಿಂದ ಬಿಟ್ಟ. ಕಣ್ಣು ಮುಚ್ಚಿದ. ಸುತ್ತ ಕೂತಿದ್ದ ನಾಲ್ವರು, ದೇವರು ಮೈಮೇಲೆ ಬಂದವನ ಮುಂದೆ ಪ್ರಶ್ನೆಯಿಟ್ಟು ಕಾಯುವವರ ಹಾಗೆ, ಅವನ ಬಾಯನ್ನೇ ನೋಡುತ್ತಿದ್ದರು. ಕೊನೆಗೆ ವಾಣಿ ಹೊರಟಿತು: "ಮೊದಲು ಚರ್ಮ. ಆಮೇಲೆ ಒದ್ದೆ ಮಣ್ಣು. ಒಣಹುಲ್ಲು... ಹಿಂದುಗಡೆ, ತುಂಬ ಹಿಂದುಗಡೆ, ಬಾರ್ನ್‌ಯಾರ್ಡ್."

"ಹಾಗಂದ್ರೆ ಏನೋ?"

"ಕೊಟ್ಟಿಗೆ ಕಣೋ. ದನದ ಕೊಟ್ಟಿಗೆ. ಎಕ್ಸಲೆಂಟ್!"

ಪಕ್ಕದಲ್ಲಿದ್ದ ಚರ್ಮದ ಹೊದಿಕೆಯ ಪುಸ್ತಕ ತೆಗೆದು ಬರೆದುಕೊಂಡ: 92.

ಇದು ಅವನೊಬ್ಬನ ಹುಚ್ಚೆಂದು ತಿಳಿಯಬೇಡಿ. ಸಿಗಾರಿನ ರುಚಿ ಹೇಳುವವರ ಲೋಕದಲ್ಲಿ ಕೊಟ್ಟಿಗೆ ಎಂಬುದು ಒಪ್ಪಿತವಾದ ಪರಿಭಾಷೆ. ಅದಕ್ಕೆ ಕಾರಣವೂ ಇದೆ. ಸಿಗಾರಿನ ಎಲೆಯನ್ನು ರಾಶಿ ಹಾಕಿ, ಅದರದೇ ಕಾವಿನಲ್ಲಿ ತಿಂಗಳುಗಟ್ಟಲೆ ಹುದುಗಲು ಬಿಡುತ್ತಾರೆ. ಹುದುಗುವಾಗ ಎಲೆಯೊಳಗಿಂದ ಅಮೋನಿಯ ಬಿಡುಗಡೆಯಾಗುತ್ತದೆ. ಗಂಜಲ ಹಳತಾದಾಗ ಮೂಗಿಗೆ ಹೊಡೆಯುವುದೂ ಅದೇ ಅಮೋನಿಯ. ಪಿರಿಯಾಪಟ್ಟಣದಲ್ಲಿ ಪುಕ್ಕಟೆ ಸಿಗುತ್ತಿದ್ದದ್ದು ಹವಾನಾ ಸುತ್ತಿ ಬರುವಷ್ಟರಲ್ಲಿ ಒಂದಕ್ಕೆ 4,500 ರೂಪಾಯಿ ಆಗಿತ್ತು. ಸಾಗಾಣಿಕೆ ವೆಚ್ಚ ಇರುತ್ತದಲ್ಲ.

ಗೆಳೆಯ ಇದನ್ನು ಹವ್ಯಾಸ ಎನ್ನುತ್ತಾನೆ. ಮನಸ್ಸಿಗೆ ವಿಶ್ರಾಂತಿಯಂತೆ. ನಾನು ನೋಡಿದ ಮಟ್ಟಿಗೆ ಅವನು ವಾರವಿಡೀ ಆಫೀಸಿನಲ್ಲಿ ಪಡುವ ಪಾಡು ಈ ವಿಶ್ರಾಂತಿಯ ಮುಂದೆ ಏನೇನೂ ಅಲ್ಲ. ಅವನ ಮನೆಯಲ್ಲಿ ಒಂದು ಪೆಟ್ಟಿಗೆಯಿದೆ, ಹ್ಯೂಮಿಡಾರ್ ಎಂದು ಹೆಸರು. ಒಳಗೆ ಸ್ಪ್ಯಾನಿಷ್ ಸೀಡರ್ ಮರದ ಹಲಗೆ. ಅದರೊಳಗಿನ ಗಾಳಿಯ ತೇವಾಂಶ ಶೇಕಡ 70ರ ಆಸುಪಾಸಿನಲ್ಲೇ ನಿಲ್ಲಬೇಕು. ಹೆಚ್ಚಿದರೆ ಬೂಷ್ಟು, ಇಳಿದರೆ ಎಲೆ ಒಣಗಿ ಬಿರುಕು. ತೇವ ಅಳೆಯುವ ಮೀಟರನ್ನು ನಂಬುವಂತಿಲ್ಲವಾದ್ದರಿಂದ ಅದಕ್ಕೂ ಪರೀಕ್ಷೆ: ಬಾಟಲಿ ಮುಚ್ಚಳದಲ್ಲಿ ಒದ್ದೆ ಉಪ್ಪು ಹಾಕಿ, ಮೀಟರಿನ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಶೇಕಡ 75 ತೋರಿಸಬೇಕು. 73 ತೋರಿಸಿದ ದಿನ ಅವನು ಊಟ ಬಿಟ್ಟಿದ್ದಾನೆ. ಹುಳದ ಕಾಟವೊಂದು ಬೇರೆ. ಎಲೆಯೊಳಗೆ ಅಡಗಿದ ಮೊಟ್ಟೆ ಸಾಯಲೆಂದು ಹೊಸ ಸಿಗಾರುಗಳನ್ನು ಮೊದಲು ಫ್ರೀಜರಿನಲ್ಲಿಡುತ್ತಾನೆ, ಹಸಿ ಬಟಾಣಿಯ ಪಕ್ಕ. ಅವನ ಹೆಂಡತಿ ಒಮ್ಮೆ ನನ್ನ ಹತ್ತಿರ ಹೇಳಿಕೊಂಡರು: "ಅತ್ತೆಯವರು ಬಂದಾಗ ಅವರ ರೂಮಿನ ಗೋಡೆ ಒಸರ್ತಿತ್ತು. ಪ್ಲಂಬರ್ ಕರೆಸೋಕೆ ಮೂರು ತಿಂಗಳು ತಗೊಂಡ್ರು. ಈ ಪೆಟ್ಟಿಗೆಗಾದ್ರೆ ರಾತ್ರಿ ಎರಡು ಗಂಟೆಗೂ ಎದ್ದು ಫೋನಲ್ಲಿ ತೇವ ನೋಡ್ತಾರೆ."

ಆ ಎರಡು ಗಂಟೆಯ ಎಚ್ಚರ ವಂಶಪಾರಂಪರ್ಯವಾಗಿ ಬಂದದ್ದು. ಇವನ ಅಪ್ಪ ವರ್ಜೀನಿಯಾ ಹೊಗೆಸೊಪ್ಪಿನ ಬೆಳೆಗಾರರು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಅದನ್ನು ಹದ ಮಾಡುವ ಇಟ್ಟಿಗೆ ಮನೆಗೆ ಬ್ಯಾರನ್ ಎನ್ನುತ್ತಾರೆ. ಸೊಪ್ಪನ್ನು ಕಡ್ಡಿಗೆ ಕಟ್ಟಿ ಸಾಲು ಸಾಲಾಗಿ ಇಳಿಬಿಟ್ಟು, ಕೆಳಗೆ ಸೌದೆ ಉರಿಸಿ, ಕೊಳವೆಯಲ್ಲಿ ಕಾವು ಹರಿಸುವುದು. ಬೆಂಕಿ ಹಾಕಿದ ಮೇಲೆ ದಿನಗಟ್ಟಲೆ ನಿದ್ದೆಯಿಲ್ಲ. ಕಾವು ಒಂದಿಷ್ಟು ಏರುಪೇರಾದರೆ ಎಲೆಯ ಬಣ್ಣ ಕೆಡುತ್ತದೆ. ಅಪ್ಪ ರಾತ್ರಿ ಎರಡಕ್ಕೆ ಎದ್ದು ಟಾರ್ಚು ಹಿಡಿದು ಕಿಂಡಿಯಲ್ಲಿ ಥರ್ಮಾಮೀಟರ್ ನೋಡುತ್ತಿದ್ದರು. ಮಗ ಫೋನಿನಲ್ಲಿ ನೋಡುತ್ತಾನೆ. ಅಪ್ಪನದು ಕೆಲಸ, ಮಗನದು ರಿಲ್ಯಾಕ್ಸು. ಹಳ್ಳಿಯಲ್ಲಿ ನಮ್ಮಜ್ಜಿ ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಿದಿರ ಬುಟ್ಟಿಯಲ್ಲಿಡುತ್ತಿದ್ದಳು. ಹದಿನೈದು ದಿನಕ್ಕೂ ಎಲೆ ಬಾಡುತ್ತಿರಲಿಲ್ಲ. ಅವಳ ಹತ್ತಿರ ಮೀಟರ್ ಇರಲಿಲ್ಲವಾದ್ದರಿಂದ ಅದನ್ನು ಹವ್ಯಾಸ ಎನ್ನಲು ಬರುವುದಿಲ್ಲ.

ಸಿಗಾರಿನ ಶಾಸ್ತ್ರ ಕಲಿಯಲು ಗೆಳೆಯ ಮೂರು ವರ್ಷ ತೆಗೆದುಕೊಂಡ. ಹೊರಗಿನ ಸುತ್ತು ರ್‍ಯಾಪರ್, ಅದರ ಕೆಳಗಿನದು ಬೈಂಡರ್, ಹೊಟ್ಟೆಯೊಳಗಿನದು ಫಿಲ್ಲರ್. ಫಿಲ್ಲರಿನಲ್ಲಿ ಗಿಡದ ತುದಿಯ ಎಲೆ ಲಿಗೇರೊ: ದಪ್ಪ, ಖಾರ, ನಿಧಾನ ಉರಿಯುತ್ತದೆ. ನಡುವಿನದು ಸೆಕೊ, ಅದಕ್ಕೆ ಘಮ. ಬುಡದ್ದು ವೊಲಾಡೊ, ಬೆಂಕಿ ಹಿಡಿಯಲಿಕ್ಕೆ. ಇದನ್ನು ಅವನು ನನಗೆ ಬಿಡಿಸಿ ಹೇಳುವಾಗ ಧ್ವನಿ ತಗ್ಗಿಸಿದ, ಮಂತ್ರೋಪದೇಶ ಮಾಡುವವರು ತಗ್ಗಿಸುವಂತೆ. ಬುಡದ ಸೊಪ್ಪು ಹಗುರ, ತಲೆಸೊಪ್ಪು ಗಡುಸು ಎಂದು ಇವನಿಗೆ ಎಂಟು ವರ್ಷವಿದ್ದಾಗಲೇ ಅಪ್ಪ ಹೇಳಿಕೊಟ್ಟಿದ್ದರು. ಆದರೆ ಕನ್ನಡದಲ್ಲಿ ಹೇಳಿದ್ದರು, ಕೈಯಲ್ಲಿ ಕುಕ್ಕೆಯೂ ಕೊಟ್ಟಿದ್ದರು. ಹಾಗಾಗಿ ತಲೆಗೆ ಹತ್ತಲಿಲ್ಲ.

ಗಾತ್ರಕ್ಕೂ ಲೆಕ್ಕವಿದೆ. ಒಂದು ಅಂಗುಲವನ್ನು 64 ಪಾಲು ಮಾಡಿದರೆ ಅದರಲ್ಲಿ ಎಷ್ಟು ಪಾಲು ದಪ್ಪವೋ ಅದು ರಿಂಗ್ ಗೇಜ್. ಚರ್ಚಿಲ್ ಎಂಬ ಹೆಸರಿನ ಸಿಗಾರು 7 ಅಂಗುಲ ಉದ್ದ, 47 ರಿಂಗ್. ಎಂದರೆ ಮುಕ್ಕಾಲು ಅಂಗುಲಕ್ಕೆ ಒಂದು ಎಳೆ ಕಮ್ಮಿ. ನಮ್ಮನ್ನು ಆಳಲು ಯೋಗ್ಯತೆಯಿಲ್ಲದವರೆಂದು ಬಗೆದ ಮಹಾಶಯರ ಹೆಸರಿನ ಕೊಳ್ಳಿಯನ್ನು ಈಗ ನಮ್ಮವರೇ ಗಂಟೆಗಟ್ಟಲೆ ಬಾಯಲ್ಲಿಟ್ಟುಕೊಂಡು ಸ್ವಾತಂತ್ರ್ಯ ಅನುಭವಿಸುತ್ತಾರೆ.

ಸಿಗಾರನ್ನು ಸುಮ್ಮನೆ ಸೇದಿ ಬಿಸಾಡಿದರೆ ಅವನು ಬರೀ ಚಟಗಾರ. ಇನ್ನೊಂದರ ಜೊತೆ ಹೋಲಿಸಿ ಸೇದಿದರೆ ರಸಿಕ. ಆದ್ದರಿಂದ ಶನಿವಾರದ ಸಭೆಯಲ್ಲಿ ಕ್ಯೂಬಾದ ಎದುರು ನಿಕರಾಗ್ವಾ, ನಿಕರಾಗ್ವಾದ ಎದುರು ಡೊಮಿನಿಕನ್. ಹಿಂದೊಮ್ಮೆ ಯಾರಿಗೋ ಪ್ರಾಮಾಣಿಕತೆಯ ಹುಕಿ ಬಂದು ಎಲ್ಲ ಸಿಗಾರುಗಳ ಸೊಂಟಪಟ್ಟಿ ಬಿಚ್ಚಿಬಿಟ್ಟರಂತೆ. ಹೆಸರಿಲ್ಲದ ಮೂರು ಸಿಗಾರು, ಐದು ಜನ. ಒಬ್ಬರ ನಾಲಗೆಗೆ ಚಾಕೊಲೇಟು ಅನಿಸಿದ್ದು ಇನ್ನೊಬ್ಬರಿಗೆ ಸುಟ್ಟ ರಬ್ಬರು. ಒಬ್ಬರಿಗೆ ಬಾದಾಮಿ, ಪಕ್ಕದವರಿಗೆ ಪೆನ್ಸಿಲ್ ತುದಿ. ಮುಖ ಕೆಂಪಾಗಿ, ಮಾತು ಬೆಳೆದು, ಯಾರೋ ಯಾರದೋ ಸಂಬಳದ ಬಗ್ಗೆಯೂ ಅಂದರಂತೆ. ಕೊನೆಗೆ ಪಟ್ಟಿಗಳನ್ನು ಮತ್ತೆ ತೊಡಿಸಿದರು. ಐದೇ ನಿಮಿಷದಲ್ಲಿ ಒಮ್ಮತ. ನಮ್ಮಲ್ಲಿ ಮನುಷ್ಯರನ್ನು ಅಳೆಯುವುದೂ ಹೆಸರಿನ ಪಕ್ಕದ ಪಟ್ಟಿ ನೋಡಿಯೇ ಆದ್ದರಿಂದ ಇದರಲ್ಲಿ ಆಶ್ಚರ್ಯವೇನಿಲ್ಲ.

ಅದೇ ಗುಂಪಿನ ಒಬ್ಬರು ಕ್ಯೂಬಾಕ್ಕೇ ಹೋಗಿ, ಕಡಲ ತೀರದಲ್ಲಿ ಪಿಸುಮಾತಾಡಿದವನಿಂದ, ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕೊಹಿಬಾ ಸಿಗಾರು ತಂದಿದ್ದರು. 94 ಅಂಕ ಬಿದ್ದಿತ್ತು. ಗಾಜಿನ ಮುಚ್ಚಳದ ಕೊಹಿಬಾ ಎಂದರೆ ನೋಡಿದ ಕೂಡಲೇ ನಕಲಿ ಎಂದು ಆ ಲೋಕದ ಚಿಕ್ಕ ಮಕ್ಕಳಿಗೂ ಗೊತ್ತು. ಗೊತ್ತಾದ ಮೇಲೆ ಅಂಕವನ್ನು ಹೊಡೆದುಹಾಕಿದರು. ರುಚಿ ಮಾತ್ರ ಆಗಲೇ ಆಗಿಹೋಗಿತ್ತು, ವಾಪಸು ಪಡೆಯಲು ಬರುವಂತಿರಲಿಲ್ಲ.

ಹೊಗೆಗಿಂತ ಹೊಗೆಯ ಪರಿಕರ ದೊಡ್ಡದು ಎಂಬುದನ್ನು ಜಗತ್ತಿಗೆ ತೋರಿಸಿದ ಕೀರ್ತಿಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಅಕ್ಬರನ ರಾಯಭಾರಿ ಅಸದ್ ಬೇಗ್ 1604ರ ಆಸುಪಾಸಿನಲ್ಲಿ ಬಿಜಾಪುರಕ್ಕೆ ಬಂದಾಗ ಮೊದಲ ಬಾರಿಗೆ ತಂಬಾಕು ಕಂಡ. ಬರಿಯ ಸೊಪ್ಪು ಒಯ್ದರೆ ಬಾದಶಹ ಮೂಸಿಯೂ ನೋಡಲಾರನೆಂದು ಅವನಿಗೆ ಗೊತ್ತಿತ್ತು. ರತ್ನ ಕೂರಿಸಿದ ಕೊಳವೆ, ಯೆಮನ್ನಿನ ಕೆಂಪು ಕಲ್ಲಿನ ಬಾಯಿತುದಿ, ಚಿನ್ನದ ಚಿಲುಮೆ, ಇಷ್ಟನ್ನು ಹೊಂದಿಸಿ ಬೆಳ್ಳಿ ತಟ್ಟೆಯಲ್ಲಿಟ್ಟು ಒಪ್ಪಿಸಿದ. ಅಕ್ಬರ್ ಎರಡು ಮೂರು ದಮ್ಮು ಎಳೆದ. ಪಕ್ಕದಲ್ಲಿದ್ದ ಹಕೀಮ ಸಾಕೆಂದು ತಡೆದ. ದರಬಾರಿನವರು ಮಾತ್ರ ತಮಗೂ ಬೇಕೆಂದು ಬಿದ್ದರು. 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸಿದ. ನಿಷೇಧಕ್ಕೆ ಅಂದೂ ಇಂದಿನಷ್ಟೇ ಬೆಲೆ.

ಈ ವಿಷಯದಲ್ಲಿ ಸರದಾರರೆಂದರೆ ಅಮೆರಿಕದ ಅಧ್ಯಕ್ಷ ಕೆನಡಿ. 1962ರ ಫೆಬ್ರವರಿಯಲ್ಲಿ ಕ್ಯೂಬಾದ ಸರಕಿಗೆಲ್ಲ ನಿರ್ಬಂಧ ಹೇರುವ ಮುನ್ನ ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರ್‌ನನ್ನು ಕರೆದು, ಬೆಳಗಾಗುವುದರೊಳಗೆ ಸಾವಿರ ಕ್ಯೂಬನ್ ಸಿಗಾರು ಬೇಕೆಂದರು. ಆತ ಊರೆಲ್ಲ ಅಲೆದು 1,200 ತಂದ. ಅಧ್ಯಕ್ಷರು ಲೆಕ್ಕ ಕೇಳಿ, ಖಾನೆಯಿಂದ ಕಾಗದ ತೆಗೆದು ಸಹಿ ಹಾಕಿದರು. ಇದು ಸ್ಯಾಲಿಂಜರ್ ತಾನೇ ಹೇಳಿಕೊಂಡ ಕಥೆ. ನಮ್ಮಲ್ಲಿ ಪಾನನಿಷೇಧದ ಭಾಷಣಕ್ಕೆ ಮುನ್ನ ಶಾಸಕರ ಭವನದಲ್ಲಿ ನಡೆಯುವ ಸಿದ್ಧತೆಗಳನ್ನು ಬಲ್ಲವರಿಗೆ ಇದು ಹೊಸದೆನಿಸಲಿಕ್ಕಿಲ್ಲ.

ಕಾನೂನಿನ ವಿಷಯಕ್ಕೆ ಬಂದೆ, ಮುಗಿಸಿಬಿಡುತ್ತೇನೆ. 2008ರ ಅಕ್ಟೋಬರ್ 2ರಿಂದ ದೇಶದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಹೊಗೆ ಬಿಡುವಂತಿಲ್ಲ. ಗಾಂಧಿ ಜಯಂತಿ. ಆದರೆ 30 ಅಥವಾ ಹೆಚ್ಚು ಕೋಣೆಯ ಹೋಟೆಲಿಗೆ, 30 ಅಥವಾ ಹೆಚ್ಚು ಜನ ಕೂರುವ ರೆಸ್ಟೋರೆಂಟಿಗೆ ಪ್ರತ್ಯೇಕ ಧೂಮಪಾನದ ಜಾಗ ಮಾಡಿಕೊಳ್ಳಲು ಅವಕಾಶವಿದೆ. ಹೀಗಾಗಿ ಬಸ್‌ಸ್ಟ್ಯಾಂಡಿನ ಗೋಡೆಗೊರಗಿ ಬೀಡಿ ಹಚ್ಚಿದ ಹಮಾಲಿ ಅಪರಾಧಿ. ಕರ್ನಾಟಕದ ತಿದ್ದುಪಡಿಯ ಮೇಲೆ ದಂಡವೂ 200ರಿಂದ 1,000 ರೂಪಾಯಿಗೆ ಏರಿದೆ. ಚರ್ಮದ ಸೋಫಾದಲ್ಲಿ ಒರಗಿದವನು ಅತಿಥಿ. 2024ರಲ್ಲಿ ಹುಕ್ಕಾ ಬಾರುಗಳಿಗೆ ಬೀಗ ಬಿದ್ದಾಗ ನನ್ನ ಗೆಳೆಯ ಸರ್ಕಾರವನ್ನು ಮನಸಾರೆ ಹೊಗಳಿದ. "ಯುವಜನ ಹಾಳಾಗ್ತಿದ್ರು ಕಣೋ" ಎಂದ. ಹೇಳುವಾಗ ಬಾಯಿಂದ ಹೊರಟ ಹೊಗೆ ನನ್ನ ಕನ್ನಡಕದ ಮೇಲೆ ಕೂತಿತು.

ಆರೋಗ್ಯದ ಮಾತೆತ್ತಿದರೆ ಅವನ ಬಳಿ ಬ್ರಹ್ಮಾಸ್ತ್ರವೊಂದಿದೆ: "ನಾವು ಒಳಗೆ ಎಳ್ಕೊಳ್ಳಲ್ಲ." ಬಾಯಲ್ಲಿಟ್ಟು ಬಿಡುತ್ತಾರಂತೆ, ಶ್ವಾಸಕೋಶಕ್ಕೆ ಪ್ರವೇಶವಿಲ್ಲವಂತೆ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕು ಸಿಗರೇಟಿನಷ್ಟು ತಂಬಾಕು ಇರಬಹುದು. ಅದು ಗಂಟೆಗಟ್ಟಲೆ ಬಾಯಲ್ಲಿ ಕೂತಿರುವುದರಿಂದ ಬಾಯಿಗೂ ಗಂಟಲಿಗೂ ಕಾಯಿಲೆ ಗಂಟು ಹಾಕುತ್ತದೆ. ಮನಸ್ಸಿನ ಒಳಹೊರಗನ್ನೆಲ್ಲ ಬಲ್ಲ ಸಿಗ್ಮಂಡ್ ಫ್ರಾಯ್ಡ್‌ಗೆ 1923ರಲ್ಲಿ ಬಾಯಿ ಕ್ಯಾನ್ಸರ್ ಪತ್ತೆಯಾಯಿತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೂ ಸಿಗಾರ್ ಬಿಡಲಿಲ್ಲ, 1939ರಲ್ಲಿ ತೀರಿಕೊಂಡ. ಕೊಹಿಬಾ ಹುಟ್ಟಿದ್ದೇ ಫಿಡೆಲ್ ಕ್ಯಾಸ್ಟ್ರೊ ಸೇದಲೆಂದು, 1966ರಲ್ಲಿ. ಆ ಕ್ಯಾಸ್ಟ್ರೊ 1985ರಲ್ಲಿ ಸಿಗಾರ್ ಬಿಟ್ಟ. ದೇವರು ಗುಡಿ ಬಿಟ್ಟು ಎದ್ದು ಹೋದ ಮೇಲೂ ಹುಂಡಿ ತುಂಬುವುದು ನಿಲ್ಲಲಿಲ್ಲ. ನಮ್ಮಲ್ಲಿ ಪೆಟ್ಟಿಗೆಯ ಮೇಲೆ ಅಂಟಿಸಿದ ಕ್ಯಾನ್ಸರಿನ ಚಿತ್ರವನ್ನು ಗೆಳೆಯ ಬ್ಲೇಡಿನಿಂದ ನಾಜೂಕಾಗಿ ಬಿಡಿಸುತ್ತಾನೆ. ಮರದ ಕುಸುರಿ ಕಾಣಬೇಡವೇ?

ಇಂಥ ಸಭೆಗಳಲ್ಲಿ ಯಾರಾದರೊಬ್ಬರು, ಎರಡನೆಯ ಪೆಗ್ಗಿನ ಹೊತ್ತಿಗೆ, ಕ್ಯೂಬಾದ ಕನ್ಯೆಯರು ತೊಡೆಯ ಮೇಲೆ ಸಿಗಾರ್ ಹೊಸೆಯುತ್ತಾರೆಂಬ ಕಥೆ ತೆಗೆಯದೆ ಇರುವುದಿಲ್ಲ. ಶುದ್ಧ ಸುಳ್ಳು. ಹೊಸೆಯುವುದು ಮರದ ಹಲಗೆಯ ಮೇಲೆ, ಚವೇಟಾ ಎಂಬ ಅರ್ಧಚಂದ್ರದ ಕತ್ತಿ ಹಿಡಿದು. ತೊಡೆಯ ಮೇಲೆ ಹೊಗೆಸೊಪ್ಪು ಇಟ್ಟುಕೊಂಡು ಕೂತ ಹೆಣ್ಣುಮಕ್ಕಳನ್ನು ನೋಡಲೇಬೇಕಿದ್ದರೆ ದಕ್ಷಿಣ ಕನ್ನಡಕ್ಕೆ ಹೋಗಬೇಕು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಕತ್ತರಿಸಿದ ಬೀಡಿ ಎಲೆ, ಪುಡಿ, ನೂಲು. ಸಾವಿರ ಬೀಡಿಗೆ ಇಷ್ಟೆಂದು ಮಜೂರಿ. ಕಟ್ಟಿದ್ದನ್ನು ಸಂಜೆ ಬ್ರಾಂಚಿಗೆ ಒಯ್ದರೆ ಅಲ್ಲಿ ಕೂತವನು ಒಂದರ ಪಕ್ಕ ಒಂದಿಟ್ಟು ಹೋಲಿಸುತ್ತಾನೆ. ಇದು ತೆಳು, ಇದರ ತಲೆ ಮಡಿಸಿದ್ದು ಸರಿಯಿಲ್ಲ, ಇದನ್ನು ತೆಗಿ. ತೆಗೆದದ್ದಕ್ಕೆ ಕೂಲಿಯಿಲ್ಲ. ಆ ಹೆಂಗಸಿನ ತೊಡೆಯ ಬಗ್ಗೆ ಯಾರೂ ಕಥೆ ಕಟ್ಟಿಲ್ಲ. ಬೆನ್ನುನೋವಿನ ಬಗ್ಗೆಯಂತೂ ಇಲ್ಲವೇ ಇಲ್ಲ.

ಹವಾನಾದ ಕಾರ್ಮಿಕರಿಗೆ ಒಂದು ಸುಖವಿತ್ತು, ಅದಕ್ಕೆ ನಾನು ನಿಜಕ್ಕೂ ಕರುಬುತ್ತೇನೆ. 1865ರಿಂದ ಅಲ್ಲಿನ ಕಾರ್ಖಾನೆಗಳಲ್ಲಿ ಓದುಗನೊಬ್ಬ ಎತ್ತರದ ಪೀಠದ ಮೇಲೆ ಕೂತು ಹೊಸೆಯುವವರಿಗೆ ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದುವ ಪದ್ಧತಿ ಬಂತು. ಅವನ ಸಂಬಳಕ್ಕೆ ಕಾರ್ಮಿಕರೇ ತಮ್ಮ ಕೂಲಿಯಿಂದ ಚಂದಾ ಎತ್ತುತ್ತಿದ್ದರು. ದ್ಯೂಮಾನ 'ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ' ಅವರಿಗೆ ಎಷ್ಟು ಹಿಡಿಸಿತ್ತೆಂದರೆ 1935ರಲ್ಲಿ ಹುಟ್ಟಿದ ಮಾಂಟೆಕ್ರಿಸ್ಟೊ ಸಿಗಾರಿಗೆ ಆ ಹೆಸರೇ ಬಂತು. ಹೊಸೆದವನಿಗೆ ಕಾದಂಬರಿ ಪೂರ್ತಿ ಗೊತ್ತಿತ್ತು. ನಮ್ಮ ಶನಿವಾರದ ಮಂಡಳಿಯಲ್ಲಿ ಮಾಂಟೆಕ್ರಿಸ್ಟೊ ಯಾರೆಂದು ಕೇಳಿದೆ. "ಫೌಂಡರ್ ಇರಬೇಕು" ಎಂದರು ಒಬ್ಬರು.

ಕಥೆಗೆ ತಿರುವು ಬಂದದ್ದು ಕಳೆದ ವಾರ. ಗೆಳೆಯನ ಅಪ್ಪ ಕಣ್ಣಿನ ಪೊರೆಯ ತಪಾಸಣೆಗೆ ಬೆಂಗಳೂರಿಗೆ ಬಂದಿದ್ದರು. ಎಲೆಯಡಿಕೆ ಬಿಟ್ಟರೆ ಬೇರೆ ಚಟವಿಲ್ಲ. ಬದುಕೆಲ್ಲ ಹೊಗೆಸೊಪ್ಪು ಬೆಳೆದೂ ಒಂದು ದಿನ ಹೊಗೆ ಬಿಟ್ಟವರಲ್ಲ. ಸೊಪ್ಪು ಮುರಿದ ಕೈಗೆ ಹತ್ತುವ ಕರಿ ಅಂಟು, ಎಷ್ಟು ಉಜ್ಜಿದರೂ ತುತ್ತಿಗೆ ಇಳಿಯುವ ಆ ಕಹಿ, ಅಷ್ಟೇ ಸಾಕಾಗಿದೆಯಂತೆ. ಬಾಲ್ಕನಿಯಲ್ಲಿ ಮಗ ಸಿಗಾರನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದುದನ್ನು ನೋಡಿ, "ಕೊಡ್ಲಾ ಇಲ್ಲಿ" ಎಂದು ಕೈಚಾಚಿದರು. ಕಣ್ಣಿಗೆ ಪೊರೆ. ಹೆಬ್ಬೆರಳಿನಿಂದ ಸವರಿದರು, ಕಿವಿಯ ಹತ್ತಿರ ಹಿಡಿದು ಮೆಲ್ಲನೆ ಹಿಸುಕಿದರು, ಮೂಗಿಗೆ ತಂದರು.

"ಇದು ಬ್ಯಾರನ್ ಬೆಂಕಿ ಕಂಡಿಲ್ಲ ಕನ್ಲಾ. ನೆಳ್ಳಲ್ಲಿ ಒಣಗ್ಸಿ, ರಾಸಿ ಹಾಕಿ ಮಾಗ್ಸವ್ರೆ. ಒಳಗೆ ತಲೆಸೊಪ್ಪು ಜಾಸ್ತಿ ಸೇರಿಸ್ಬುಟ್ಟವ್ರೆ. ಗಡುಸಾಗಿರ್ತದೆ."

ಮೂರು ವರ್ಷದ ವಿದ್ಯೆ ಮೂವತ್ತು ಸೆಕೆಂಡಿನಲ್ಲಿ ಮುಗಿಯಿತು. ಮಗ ಸಿಗಾರನ್ನು ವಾಪಸು ತೆಗೆದುಕೊಳ್ಳಲು ಮರೆತು ನಿಂತಿದ್ದ.

"ಇದ್ಕೆ ರೇಟೆಷ್ಟು?"

ಮಗ ಸುಳ್ಳು ಹೇಳಬಹುದಿತ್ತು. ನಾನು ಎದುರಿಗಿದ್ದೆನಲ್ಲ, ನಿಜ ಹೇಳಿದ: 4,500. ಅಪ್ಪ ಮಾತಾಡಲಿಲ್ಲ. ಅಡುಗೆಮನೆಯಲ್ಲಿ ಕಾಫಿಪುಡಿ ತೂಗುವ ಪುಟ್ಟ ತಕ್ಕಡಿಯಿತ್ತು (ಇವನಿಗೆ ಅದೊಂದು ಬೇರೆ ಹವ್ಯಾಸ). ಅದರ ಮೇಲೆ ಇಡಿಸಿದರು. 15 ಗ್ರಾಂ. ಬೆರಳು ಮಡಿಸುತ್ತ ಲೆಕ್ಕ ಹಾಕಿದರು.

"ಕೇಜಿಗೆ ಅರವತ್ತಾರು ಬತ್ತದೆ. ಮೂರು ಲಕ್ಸಕ್ಕೆ ಮೂರು ಸಾವ್ರ ಕಮ್ಮಿ." ಸ್ವಲ್ಪ ಹೊತ್ತು ಕೆಳಗಿನ ಈಜುಕೊಳ ನೋಡಿದರು. "ನಮ್ಗೆ ಹರಾಜು ಪ್ಲಾಟ್‌ಫಾರಂನಲ್ಲಿ ಕೇಜಿಗೆ ಮುನ್ನೂರರ ತಾವ ಬಂದ್ರೆ ಹಬ್ಬ. ಆ ಕಂಪ್ನಿಯೋರು ನಮ್ ಬೇಲ್‌ನಿಂದ ಒಂದೆಲೆ ಎಳೀತಾರೆ, ಪಕ್ಕದ ಬೇಲ್‌ನಿಂದ ಒಂದೆಲೆ ಎಳೀತಾರೆ, ಎರಡ್ನೂ ಹಿಂಗಿಟ್ಟು ನೋಡ್ತಾರೆ, ನಮ್ದು ಲೋ ಗ್ರೇಡ್ ಅಂತಾರೆ. ವಾಪಸ್ ಟ್ರ್ಯಾಕ್ಟ್ರಿಗೆ ಹೇರ್ಕೊಂಡು ಬರೋದು." ಮತ್ತೆ ಕೇಳಿದರು: "ಕ್ಯೂಬಾದಲ್ಲಿ ಬೆಳ್ದೋನ್ಗೆ ಕೇಜಿಗೆ ಎಷ್ಟು ಕೊಟ್ಟಾರು?"

ಮಗನ ಚರ್ಮದ ಪುಸ್ತಕದಲ್ಲಿ ಪ್ರತಿ ಸಿಗಾರಿಗೆ ಹದಿನಾಲ್ಕು ಅಂಕಣಗಳಿವೆ. ಬೂದಿಯ ಬಣ್ಣಕ್ಕೂ ಒಂದಿದೆ. ಇದಕ್ಕಿರಲಿಲ್ಲ. ನನಗೆ ತಿಳಿದಷ್ಟು ನಾನು ಹೇಳಿದೆ: ಬೆಳೆಯ ಬಹುಪಾಲನ್ನು ಸರ್ಕಾರಕ್ಕೆ ಕೊಡಬೇಕು, ಬೆಲೆಯನ್ನು ಸರ್ಕಾರವೇ ಹೇಳುತ್ತದೆ.

"ಹಂಗಾದ್ರೆ ಅವ್ರೂ ನಮ್ಮೋರೇ ಬುಡು" ಎಂದರು ಅಪ್ಪ, ಸಂಚಿ ಬಿಚ್ಚುತ್ತ.

ಮಗನಿಗೆ ಮಾತು ಬೇರೆ ಕಡೆಗೆ ಹೊರಳಿಸಬೇಕಿತ್ತೋ, ಅಥವಾ ನಿಜವಾಗಿಯೂ ಖಾತ್ರಿ ಮಾಡಿಕೊಳ್ಳಬೇಕಿತ್ತೋ. ಸಿಗಾರನ್ನು ಮತ್ತೊಮ್ಮೆ ಅಪ್ಪನ ಮೂಗಿನ ಹತ್ತಿರ ಹಿಡಿದ. "ಅಪ್ಪಾ, ಸರಿಯಾಗಿ ನೋಡಿ. ಇದರಲ್ಲಿ ನಮ್ಮ ಕೊಟ್ಟಿಗೆ ವಾಸನೆ ಬರುತ್ತಾ?"

ಅಪ್ಪ ಕಣ್ಣು ಮುಚ್ಚಿ ನಿಧಾನವಾಗಿ ಎಳೆದುಕೊಂಡರು. ಆ ಶನಿವಾರದ ಮಂಡಳಿ ಇದ್ದಿದ್ದರೆ ಉಸಿರು ಬಿಗಿಹಿಡಿದು ಕಾಯುತ್ತಿತ್ತು.

"ಬತ್ತದೆ. ಕಸ ಬಾಚ್ದೆ ಮೂರು ದಿನ ಬುಟ್ರೆ ಹಿಂಗೇ ಬತ್ತದೆ. ಬಾಚ್ಲಾ ಅಂದ್ರೆ ನೀನು ಓಡೋಯ್ತಿದ್ದೆ."